ತಪ್ಪು ಕಾಣಿಕೆ ಯಾರಿಗೆ ಹಾಕೋದು?

ಮಂಗಳೂರಿನಲ್ಲಿ ಮಗುವಿಗೆ ಶಾಲೆ ಹುಡುಕುವವರು ಫೀಸು, ಬಸ್ಸು, ಸಿಲೆಬಸ್ಸು ಎಲ್ಲ ವಿಚಾರಿಸಿದ ಮೇಲೆ ದನಿ ಸ್ವಲ್ಪ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳುವುದುಂಟು. "ಅಲ್ಲಿಗೆ ಎಂಥಾ ಮಕ್ಕಳು ಬರುವುದು?" ಕೇಳುವವರು ಕೆಟ್ಟವರೇನಲ್ಲ. ನಮ್ಮ ನಿಮ್ಮ ಹಾಗೆ ಓದಿದವರು, ಆಫೀಸಿನಲ್ಲಿ ಡೈವರ್ಸಿಟಿ ಟ್ರೈನಿಂಗಿಗೆ ಕೂತು ಸರ್ಟಿಫಿಕೇಟ್ ತಗೊಂಡವರು. ಆದರೂ ಮಗುವಿನ ವಿಷಯ ಬಂದಾಗ ಆ ಪ್ರಶ್ನೆ ಹೇಗೋ ಬಾಯಿಗೆ ಬಂದುಬಿಡುತ್ತದೆ.

ಕಾನೂನು ಈ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರ ಕೊಟ್ಟಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅಂಗವೈಕಲ್ಯ ಇರುವ ಮತ್ತು ಇಲ್ಲದ ಮಕ್ಕಳು ಒಟ್ಟಿಗೇ ಕಲಿಯಬೇಕು ಎಂದಿತು. ನಮ್ಮ ರಾಜ್ಯ 2019ರಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಶೇ. 25ರ ಹೊಣೆ ಇಲ್ಲ ಎಂದು ಮಾಡಿತು. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಆ ಬಾಗಿಲು ಮತ್ತೆ ಮುಚ್ಚಿಕೊಂಡಿತು. ಅದು ದೊಡ್ಡ ನಷ್ಟ. ಆದರೆ ನನ್ನ ಪ್ರಶ್ನೆ ಬಾಗಿಲು ತೆರೆದ ಕಡೆಯದ್ದು. ಬೆಂಚು ಸಿಕ್ಕಿತು. ಆಮೇಲೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಮಾತು ತೊದಲುತ್ತದೆ. ಅವನು ಎದ್ದು ಪಾಠ ಓದುವಾಗ ಇನ್ನೊಬ್ಬ ಅವನ ಹಾಗೇ ತೊದಲಿ ತೋರಿಸುತ್ತಾನೆ, ಕ್ಲಾಸಿಗೆ ಕ್ಲಾಸೇ ನಗುತ್ತದೆ. ಟೀಚರ್ ಏನು ಮಾಡಬೇಕು? ಹೊಡೆಯುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಾಗಾಗಿ ಡೈರಿಯಲ್ಲಿ ರಿಮಾರ್ಕ್ ಬರೆಯುತ್ತಾರೆ, ಅಪ್ಪ ಅಮ್ಮನನ್ನು ಕರೆಸುತ್ತಾರೆ, "ಸಾರಿ" ಹೇಳಿಸುತ್ತಾರೆ. ಅಲ್ಲಿಗೆ ಫೈಲ್ ಕ್ಲೋಸ್. ಆದರೆ ತೊದಲುವ ಹುಡುಗನಿಗೆ ಇದರಿಂದ ಸಿಕ್ಕಿದ್ದೇನು? ನಾಳೆ ಅವನು ಎದ್ದು ನಿಂತು ಓದುತ್ತಾನಾ? ನಕ್ಕ ಉಳಿದ ಮೂವತ್ತೈದು ಮಕ್ಕಳಿಗೆ ಯಾರಾದರೂ ಏನಾದರೂ ಕೇಳಿದರಾ?

ಈ ಪ್ರಶ್ನೆಗಳಿಂದಲೇ ಶುರುವಾಗುವ ಒಂದು ಕ್ರಮಕ್ಕೆ ಇಂಗ್ಲಿಷಿನಲ್ಲಿ ರೆಸ್ಟೋರೇಟಿವ್ ಪ್ರಾಕ್ಟೀಸ್ ಅನ್ನುತ್ತಾರೆ. ಕನ್ನಡದಲ್ಲಿ ಸರಿಪಡಿಸುವ ನ್ಯಾಯ ಅನ್ನಬಹುದು. ಶಿಕ್ಷೆ ಕೇಳುವುದು ಮೂರು ಮಾತು: ಯಾವ ನಿಯಮ ಮುರಿದದ್ದು, ಮುರಿದವರು ಯಾರು, ಅವರಿಗೆ ಏನು ಮಾಡಬೇಕು. ಇದು ಕೇಳುವುದೂ ಮೂರು ಮಾತು: ಯಾರಿಗೆ ನೋವಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಒದಗಿಸುವ ಹೊಣೆ ಯಾರದು. ನ್ಯೂಜಿಲೆಂಡ್ 1989ರಲ್ಲೇ ಇದನ್ನು ಕಾನೂನಿಗೆ ತಂದಿತು. ಅಲ್ಲಿನ ಮಾವೊರಿ ಜನರ ಪದ್ಧತಿಯಿಂದ ಕಲಿತು, ತಪ್ಪು ಮಾಡಿದ ಮಗು, ಅದರ ಮನೆಯವರು, ನೋವುಂಡವರು ಎಲ್ಲ ಒಟ್ಟಿಗೆ ಕೂತು ಮುಂದಿನ ದಾರಿ ತೀರ್ಮಾನಿಸುವ ಸಭೆಗೆ ಅವಕಾಶ ಕೊಟ್ಟಿತು. ಮುಂದೆ ಬೇರೆ ಬೇರೆ ದೇಶಗಳ ಶಾಲೆಗಳೂ ಈ ಕ್ರಮವನ್ನು ಹಿಡಿದವು.

ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನಮ್ಮಲ್ಲಿ ತಪ್ಪು ಕಾಣಿಕೆ ಇದೆ. ಏನೋ ಲೋಪವಾಯಿತು ಅಂದರೆ ದೇವರಿಗೋ ದೈವಕ್ಕೋ ತಪ್ಪು ಕಾಣಿಕೆ ಹಾಕಿ ಕೈ ಮುಗಿಯುತ್ತೇವೆ, ಮನಸ್ಸು ಹಗುರವಾಗುತ್ತದೆ. ಶಾಲೆಯ ಶಿಕ್ಷೆಯೂ ಹೆಚ್ಚು ಕಡಿಮೆ ಹೀಗೆಯೇ. ತಪ್ಪು ಮಾಡಿದವನು ನಿಯಮ ಎಂಬ ದೇವರಿಗೆ ಕಾಣಿಕೆ ಸಲ್ಲಿಸಿ ಹಗುರಾಗುತ್ತಾನೆ. ನೋವು ತಿಂದವನ ಕೈಗೆ ಮಾತ್ರ ಏನೂ ಬರುವುದಿಲ್ಲ. ಕಾಣಿಕೆಯನ್ನು ಅವನ ಕಡೆಗೆ ತಿರುಗಿಸಿ ಅನ್ನುವುದೇ ಈ ಹೊಸ ಕ್ರಮದ ಸಾರ.

ಕೇಳಲು ಚಂದವೇ. ಆದರೆ ಎರಡು ಗಟ್ಟಿ ಆಕ್ಷೇಪಗಳಿವೆ, ಎರಡನ್ನೂ ತಳ್ಳಿಹಾಕುವಂತಿಲ್ಲ. ಮೊದಲನೆಯದು, ನೋವು ಕೊಟ್ಟವನ ಎದುರಿಗೇ ಕೂತು ಮಾತಾಡು ಅನ್ನುವುದು ನೊಂದ ಮಗುವಿಗೆ ಇನ್ನೊಂದು ಶಿಕ್ಷೆ ಆಗಬಹುದು. ಎಲ್ಲರೂ ನೋಡುತ್ತಿರುವಾಗ "ಪರವಾಗಿಲ್ಲ ಬಿಡು" ಅನ್ನದೆ ಅದಕ್ಕೆ ಬೇರೆ ದಾರಿ ಇರುತ್ತದಾ? ಹಾಗಾಗಿ ಕೂರುವುದೂ ಬಿಡುವುದೂ ಆ ಮಗುವಿನ ಇಷ್ಟ ಆಗಬೇಕು, ಕ್ಷಮಿಸಲೇಬೇಕು ಅನ್ನುವ ಒತ್ತಾಯ ಇರಬಾರದು. ಎರಡನೆಯದು ಇನ್ನೂ ಕಷ್ಟದ್ದು. ಸುತ್ತ ಕೂತು ಮಾತಾಡಿ ಬಗೆಹರಿಸುವುದು ನಮಗೆ ಹೊಸದಲ್ಲ, ಊರ ಪಂಚಾತಿಕೆಯೂ ಅದನ್ನೇ ಮಾಡುತ್ತಿತ್ತು. ಆ ಕಟ್ಟೆಯಲ್ಲಿ ಯಾರ ಮಾತು ನಡೆಯುತ್ತಿತ್ತು, ಯಾರು ದೂರ ನಿಂತಿರಬೇಕಿತ್ತು ಅಂತ ಎಲ್ಲರಿಗೂ ಗೊತ್ತು. ಬಲ ಸಮ ಇಲ್ಲದ ಕಡೆ ರಾಜಿ ಅಂದರೆ ಬಲ ಇಲ್ಲದವನು ಸುಮ್ಮನಾಗುವುದು, ಅಷ್ಟೇ.

ಅಂದರೆ ಇಬ್ಬರು ಹುಡುಗರನ್ನು ಕೂರಿಸಿದರೆ ಮುಗಿಯುವ ಕೆಲಸ ಇದಲ್ಲ. ಕ್ಲಾಸಿನೊಳಗಿನ ಗಾಯ ಎಷ್ಟೋ ಸಲ ಕ್ಲಾಸಿನೊಳಗೆ ಹುಟ್ಟಿದ್ದಾಗಿರುವುದಿಲ್ಲ. ನಮ್ಮ ಪಕ್ಕದ ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದ ನೆನಪಿದೆಯಲ್ಲ. 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಕೊಟ್ಟಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಸಮವಸ್ತ್ರ, ಹಕ್ಕು, ನಿಯಮ ಎಲ್ಲದರ ಬಗ್ಗೆ ನೂರಾರು ಪುಟ ಬಂತು. ಒಂದೇ ಬೆಂಚಿನಲ್ಲಿ ಕೂತು ನೋಟ್ಸ್ ಹಂಚಿಕೊಳ್ಳುತ್ತಿದ್ದ ಹುಡುಗಿಯರು ಮಾರನೇ ದಿನ ಒಬ್ಬರ ಮುಖ ಒಬ್ಬರು ಹೇಗೆ ನೋಡಬೇಕು ಅನ್ನುವುದಕ್ಕೆ ಮಾತ್ರ ಯಾವ ಕೋರ್ಟೂ ತೀರ್ಪು ಕೊಡಲಾರದು. ಅದು ಕೋರ್ಟಿನ ಕೆಲಸವೂ ಅಲ್ಲ. ಅದು ಮೇಷ್ಟ್ರ ಕೆಲಸ. ಆ ಗಾಯ ಮಾಡಿದ್ದು ಆ ಮಕ್ಕಳಲ್ಲ, ದೊಡ್ಡವರು. ಹಾಗಿದ್ದರೆ ಸರಿಪಡಿಸುವ ಹೊಣೆ ಯಾರದು?

ಇಲ್ಲಿ ನನಗೆ ಕುಡ್ಮುಲ್ ರಂಗರಾವ್ ನೆನಪಾಗುತ್ತಾರೆ. ಮಂಗಳೂರಿನ ಟೌನ್ ಹಾಲಿಗೆ ಇರುವುದು ಅವರದೇ ಹೆಸರು. ಒಳಗೆ ನಾಟಕ, ಯಕ್ಷಗಾನ ನೋಡಿ ಬರುತ್ತೇವೆ, ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ಕಾಸರಗೋಡು ಸೀಮೆಯವರು, ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾಗಿ ಆಮೇಲೆ ವಕೀಲರಾದವರು. ದಲಿತ ಮಕ್ಕಳನ್ನು ಹೆಚ್ಚಿನ ಶಾಲೆಗಳು ಹತ್ತಿರ ಸೇರಿಸದಿದ್ದ ಕಾಲದಲ್ಲಿ, 1892ರಲ್ಲಿ, ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಹಾರಾಷ್ಟ್ರದ ವಿಠ್ಠಲ ರಾಮ್‌ಜಿ ಶಿಂಧೆ ಇದೇ ಹೆಸರಿನ ಸಂಸ್ಥೆಯನ್ನು ಮುಂಬೈಯಲ್ಲಿ ಕಟ್ಟಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷ ಆಮೇಲೆ. ಹಸಿದ ಮಗು ಕಲಿಯುವುದಿಲ್ಲ ಅಂತ ಗೊತ್ತಿದ್ದ ರಂಗರಾವ್ ಮಕ್ಕಳಿಗೆ ಊಟ ಕೊಟ್ಟರು. ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮೇಲೆ ಹೇಳಿದ ಪಂಚಾತಿಕೆಯ ಇನ್ನೊಂದು ಮುಖ ಅದು.

ಇಂದಿನ ಲೆಕ್ಕದಲ್ಲಿ ಅವರದ್ದು ಒಳಗೊಳ್ಳುವ ಶಾಲೆ ಅಲ್ಲ, ಬೇರೆ ಶಾಲೆ. ಆದರೆ ತಪ್ಪು ಅವರದ್ದಲ್ಲ, ಬಾಗಿಲು ಮುಚ್ಚಿದ್ದ ಉಳಿದ ಶಾಲೆಗಳದ್ದು. ನನಗೆ ಮುಖ್ಯ ಅನಿಸುವುದು ಅವರು ಆ ಕೆಲಸವನ್ನು ಯಾವ ಭಾವದಲ್ಲಿ ಮಾಡಿದರು ಅನ್ನುವುದು. ತಾವು ಓದಿಸಿದ ಮಗುವೊಂದು ಮುಂದೆ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಜೀವನ ಸಾರ್ಥಕ ಅನ್ನುತ್ತಿದ್ದರಂತೆ. ಉಪಕಾರ ಮಾಡುವವನು ಥ್ಯಾಂಕ್ಸ್ ನಿರೀಕ್ಷಿಸುತ್ತಾನೆ. ಧೂಳು ಬಯಸುವವನು ಸಾಲ ತೀರಿಸುತ್ತಿದ್ದಾನೆ.

ರಂಗರಾವ್ ಸ್ವತಃ ಯಾವ ಮಗುವನ್ನು ಶಾಲೆಯಿಂದ ಹೊರಗಟ್ಟಿದ್ದರು? "ನಾನೇನು ಮಾಡಿದ್ದೇನೆ, ಅದೆಲ್ಲ ಹಿಂದಿನವರು ಮಾಡಿದ್ದು" ಅಂತ ಅವರೂ ಹೇಳಬಹುದಿತ್ತು. ನಾವು ಹೇಳುವುದು ಅದನ್ನೇ. ತಪ್ಪಿತಸ್ಥ ನಾನಲ್ಲ, ಆದ್ದರಿಂದ ಹೊಣೆಯೂ ನನ್ನದಲ್ಲ. ಆದರೆ ಇವೆರಡೂ ಒಂದೇ ಅಲ್ಲ. ಅಜ್ಜ ಮಾಡಿದ ಆಸ್ತಿಯನ್ನು ನಾನು ಮಾಡಿದ್ದಲ್ಲ ಅಂತ ಯಾರೂ ಬಿಟ್ಟುಕೊಡುವುದಿಲ್ಲವಲ್ಲ, ಸಾಲ ಮಾತ್ರ ಯಾಕೆ ಬೇಡ? ಮಗುವಿಗೆ ಇಂಗ್ಲಿಷ್ ಮಾತಾಡುವ ಅಪ್ಪ ಅಮ್ಮ, ಮನೆ ತುಂಬ ಪುಸ್ತಕ, ಸಂಜೆಗೆ ಟ್ಯೂಷನ್ ಇದೆ ಅಂದರೆ ಅದರಲ್ಲಿ ನಮ್ಮ ದುಡಿಮೆಯೂ ಇದೆ, ನಮ್ಮ ಅಜ್ಜಂದಿರಿಗೆ ತೆರೆದಿದ್ದು ಬೇರೆಯವರ ಅಜ್ಜಂದಿರಿಗೆ ಮುಚ್ಚಿದ್ದ ಬಾಗಿಲೂ ಇದೆ.

ಆರನೇ ಕ್ಲಾಸಿನ ಟೀಚರಿಗೆ ಇದರಿಂದ ಏನು ಸಿಗುತ್ತದೆ? ಅವರು ಮೊದಲು ಮಾತಾಡಿಸಬೇಕಾದ್ದು ಅಣಕಿಸಿದವನನ್ನಲ್ಲ, ತೊದಲುವ ಹುಡುಗನನ್ನು, ಅದೂ ಒಬ್ಬನೇ ಇರುವಾಗ. ನಿನಗೆ ಏನು ಬೇಕು ಅಂತ. ಅವನು ಬೆಂಚು ಬದಲಿಸಿ ಅನ್ನಬಹುದು, ಓದಲು ನನಗೆ ಜಾಸ್ತಿ ಟೈಮ್ ಕೊಡಿ ಅನ್ನಬಹುದು, ಏನೂ ಬೇಡ ಅಂತಲೂ ಅನ್ನಬಹುದು. ಆಮೇಲೆ ನಕ್ಕವರನ್ನು ಕೇಳಬೇಕು. ಅಣಕಿಸದೆ ಬರೀ ನಕ್ಕವರಿಗೂ ಹೊಣೆ ಇದೆ ಅಂತ ಮಕ್ಕಳಿಗೆ ಅರ್ಥವಾಗುವುದು ಅಲ್ಲೇ. ಇದಕ್ಕೆ ಒಂದು ಪೀರಿಯಡ್ ಬೇಕು, ಕೆಲವೊಮ್ಮೆ ಒಂದು ವಾರ ಬೇಕು. ಪೋರ್ಷನ್ ಮುಗಿದಿಲ್ಲ ಅಂತ ಮೊದಲು ದೂರು ಕೊಡುವವರು ಯಾರು? ನಾವೇ, ಪೋಷಕರು.

ಹಾಗಾಗಿ ಇಂಥ ಕ್ಲಾಸು ನಡೆಸಲು ಒಳ್ಳೆಯ ಟೀಚರ್ ಒಬ್ಬರು ಸಾಲದು. ಬೆಂಚಿನಲ್ಲಿ ಆಗಲೇ ಕೂತಿರುವ ಮಕ್ಕಳ ಮನೆಯವರು ಏನಾದರೂ ಬಿಟ್ಟುಕೊಡಬೇಕು. ಒಂದು ಪೀರಿಯಡ್ ಆದರೂ ಸರಿ, "ನನ್ನ ಮಗ ಬರೀ ನಕ್ಕಿದ್ದಲ್ಲವಾ" ಅನ್ನುವ ಸಮರ್ಥನೆ ಆದರೂ ಸರಿ. ಶಾಲೆ ನೋಡಲು ಹೋದಾಗ ಎಂಥಾ ಮಕ್ಕಳು ಬರುವುದು ಅಂತ ಕೇಳುವ ಬದಲು, ಇಲ್ಲಿ ಒಂದು ಮಗುವಿಗೆ ನೋವಾದರೆ ನೀವು ಏನು ಮಾಡುತ್ತೀರಿ ಅಂತ ಕೇಳಿ ನೋಡಿ. ಆ ಉತ್ತರ ಬ್ರೋಶರಿನಲ್ಲಿ ಇರುವುದಿಲ್ಲ. ನೋವು ಕೊಟ್ಟದ್ದು ನಿಮ್ಮದೇ ಮಗು ಅಂತ ಇಟ್ಟುಕೊಂಡು ಕೇಳಿದರೆ ಇನ್ನೂ ಒಳ್ಳೆಯದು.