ಹಾಸಿಗೆ ಯಾರದು?

‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ಈ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ಮನೆಯ ಹಿರಿಯರು. ಕೇಳಿಸಿಕೊಳ್ಳುವವರು ಖರ್ಚು ಮಾಡಿ ಸಿಕ್ಕಿಬಿದ್ದ ಕಿರಿಯರು. ಹಾಗಾಗಿ ಅದು ನಮ್ಮ ಕಿವಿಗೆ ಬೈಗುಳದ ಧಾಟಿಯಲ್ಲೇ ಬಿದ್ದಿದೆ. ಆದರೆ ಮುದುಡಿಕೊಂಡು ಮಲಗು ಎಂದು ಗಾದೆ ಹೇಳಿಲ್ಲ, ಚಾಚು ಎಂದೇ ಹೇಳಿದೆ. ಇರುವಷ್ಟು ಉದ್ದಕ್ಕೂ ನಿಶ್ಚಿಂತೆಯಿಂದ ಚಾಚಬಹುದು, ಎಷ್ಟಿದೆ ಎಂಬುದು ಮೊದಲು ಗೊತ್ತಿರಬೇಕು, ಅಷ್ಟೆ. ಇದೇ ಸಂದರ್ಭಕ್ಕೆ ನೆರೆಮನೆಯ ತಮಿಳರು ‘ಬೆರಳಿಗೆ ತಕ್ಕ ಊತ’ ಎನ್ನುತ್ತಾರೆ. ನನಗೆ ಕನ್ನಡದ ಮಾತೇ ಹೆಚ್ಚು ಹಿಡಿಸುತ್ತದೆ. ಊತ ತಾನಾಗಿ ಬರುವಂಥದ್ದು, ಕಾಲು ಚಾಚುವುದು ನಮ್ಮ ಕೈಯಲ್ಲೇ ಇದೆ.

ತಮಿಳುನಾಡಿನ ಹೊಸೂರು, ತಳಿ, ದೇನ್ಕಣಿಕೋಟೆ, ಕೆಲಮಂಗಲದ ಕಡೆಯ ಕನ್ನಡ ಮನೆಗಳಿಗೆ ಹಿಂದೆ ಹಾಸಿಗೆಯ ಅಳತೆಯೇ ಸಿಗುತ್ತಿರಲಿಲ್ಲ. ಮಳೆ ಬಂದರೆ ರಾಗಿ, ಬೆಲೆ ಬಂದರೆ ಟೊಮೆಟೊ. ಎರಡೂ ಕೈಕೊಟ್ಟ ವರ್ಷ ಅಡವಿನ ಅಂಗಡಿಯೇ ಗತಿ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಮುಂದಿನ ದಶಕದಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಬೆಳೆದವು. ಗೊತ್ತಾದ ತಾರೀಖಿಗೆ ಗೊತ್ತಾದ ಹಣ ಕೈಗೆ ಬರುವುದು ಆಗ ಶುರುವಾಯಿತು. ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಈಗ ಸಿಪ್ಕಾಟಿಗೋ, ಅತ್ತಿಬೆಲೆ ದಾಟಿ ಬೊಮ್ಮಸಂದ್ರಕ್ಕೋ ಶಿಫ್ಟಿಗೆ ಹೋಗುತ್ತಾರೆ. ಅವರು ಕೇಳುವ ಪ್ರಶ್ನೆ ಒಂದೇ: “ಅಣ್ಣಾ, ಇಪ್ಪತ್ತು ಸಾವಿರ ಸಂಬಳಕ್ಕೆ ಕ್ರೆಡಿಟ್ ಕಾರ್ಡಲ್ಲಿ ಎಷ್ಟು ಲಿಮಿಟ್ ಕೊಡ್ತಾರೆ?”

ಪ್ರಶ್ನೆ ನ್ಯಾಯವಾದದ್ದು, ನೇರವಾಗಿಯೇ ಉತ್ತರ ಹೇಳಬೇಕು. ಮೊದಲು ಸಂಬಳದ ಚೀಟಿ ತೆಗೆದು ನೋಡೋಣ. ಒಟ್ಟು 20,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 14,000 ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 12ರಂತೆ ಪಿಎಫ್‌ಗೆ 1,680 ಹೋಯಿತು. ಒಟ್ಟು ಸಂಬಳದ ಮೇಲೆ ಶೇ. 0.75ರಂತೆ ಇಎಸ್‌ಐಗೆ 150. ಕ್ಯಾಂಟೀನು, ಬಸ್ಸು ಎಂದು 670. ಬ್ಯಾಂಕಿಗೆ ಬಂದು ಬೀಳುವುದು 17,500. ಕಾರ್ಡು ಕೊಡುವವರು ಮುಖ್ಯವಾಗಿ ನೋಡುವುದು ಹೀಗೆ ಖಾತೆಗೆ ಬೀಳುವ ಮೊತ್ತವನ್ನೇ.

ಅದರಲ್ಲಿ ಈಗಾಗಲೇ ಎಷ್ಟು ಕಂತು ಹೋಗುತ್ತಿದೆ ಎಂದು ಆಮೇಲೆ ನೋಡುತ್ತಾರೆ. ಎಲ್ಲ ಸಾಲದ ಕಂತೂ ಸೇರಿ ಆದಾಯದ ಶೇ. 40–50 ದಾಟಬಾರದು ಎಂಬುದು ಬಹಳಷ್ಟು ಕಡೆ ನಡೆಯುವ ಲೆಕ್ಕ. ಬೈಕಿಗೆ ತಿಂಗಳಿಗೆ 3,000 ಕಟ್ಟುತ್ತಿದ್ದರೆ ಅಷ್ಟು ಜಾಗ ಆಗಲೇ ತುಂಬಿತು. ಜೊತೆಗೆ 300ರಿಂದ 900ರ ನಡುವಿನ ಸಿಬಿಲ್ ಅಂಕ, ಕೆಲಸ ಕಾಯಮ್ಮೋ ಕಂಟ್ರಾಕ್ಟೋ, ಕಂಪನಿ ಯಾವುದು, ಮನೆ ವಿಳಾಸ ಯಾವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಟ್ಟಿನಲ್ಲಿ ಇಂಥ ಸಂಬಳಕ್ಕೆ ಮೊದಲ ಕಾರ್ಡಿನಲ್ಲಿ 20,000ದಿಂದ 50,000ದವರೆಗೆ ನಿರೀಕ್ಷಿಸಬಹುದು. ನಾಲ್ಕಾರು ವರ್ಷ ಸರಿಯಾಗಿ ಕಟ್ಟಿದವರಿಗೆ ತಿಂಗಳ ಸಂಬಳದ ಎರಡು ಮೂರು ಪಟ್ಟು ಸಿಗುವುದುಂಟು. ಕಂಟ್ರಾಕ್ಟ್ ಕೆಲಸದವರಿಗೆ ಎಷ್ಟೋ ಸಲ ‘ಆಗಲ್ಲ’ ಎಂಬ ಉತ್ತರವೇ ಬರುತ್ತದೆ. ಅಂಥವರು ಫಿಕ್ಸೆಡ್ ಡಿಪಾಸಿಟ್ ಇಟ್ಟು ಅದರ ಮೇಲೆ ಕಾರ್ಡು ಪಡೆಯುವುದು ಮರ್ಯಾದೆಯ ದಾರಿ. ಸಾಮಾನ್ಯವಾಗಿ ಇಟ್ಟ ಹಣದ ಶೇ. 75–90ರಷ್ಟು ಲಿಮಿಟ್ ಸಿಗುತ್ತದೆ, ಹೆಸರಿಗೆ ಒಂದು ಸಾಲದ ಚರಿತ್ರೆಯೂ ಹುಟ್ಟುತ್ತದೆ.

ಲಿಮಿಟ್ ಕಡಿಮೆ ಬಂತೆಂದು ಕೊರಗುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜೊತೆಯವನಿಗೆ ಎಂಬತ್ತು ಸಾವಿರ, ನನಗೆ ಇಪ್ಪತ್ತೈದೇ ಎಂದು ಅದನ್ನು ಯೋಗ್ಯತೆಯ ಮಾತಾಗಿ ತೆಗೆದುಕೊಳ್ಳುತ್ತಾರೆ. ಗಾದೆಯನ್ನು ಇಲ್ಲಿ ನಿಧಾನವಾಗಿ ಓದಬೇಕು. ಗಾದೆಯ ಹಾಸಿಗೆ ನಮ್ಮದು, ನಮ್ಮ ಮನೆಯದು. ಕಾರ್ಡಿನ ಲಿಮಿಟ್ಟು ಇನ್ನೊಬ್ಬರು ಹಾಸಿದ್ದು, ಅದರ ಅಳತೆ ತೆಗೆದವರೂ ಅವರೇ. ಆ ಅಳತೆಗೆ ನಮ್ಮ ಬದುಕಿನ ಅರ್ಧ ಭಾಗ ಕಾಣುವುದೇ ಇಲ್ಲ. ಬೀದಿಯಲ್ಲಿ ಹಾಕಿರುವ ಚೀಟಿಗೆ ತಿಂಗಳಿಗೆ ಎರಡು ಸಾವಿರ ಕಟ್ಟಬೇಕೆಂಬುದು ಸಿಬಿಲ್‌ಗೆ ಗೊತ್ತಿಲ್ಲ. ಮಾವನ ಹತ್ತಿರ ತಂದ ಕೈಸಾಲ, ಅಂಗಡಿಯಲ್ಲಿ ಅಡವಿಟ್ಟ ಅಮ್ಮನ ಓಲೆ, ಊರಲ್ಲಿ ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ತಂಗಿಯ ಫೀಸು, ಹೊಸೂರಿನ ಚಂದ್ರಚೂಡೇಶ್ವರನ ತೇರಿಗೆ ಬರುವ ನೆಂಟರ ಖರ್ಚು, ಇವು ಯಾವ ವರದಿಯಲ್ಲೂ ಇಲ್ಲ. ಕಂತು 3,000, ಬಾಡಿಗೆ 6,000, ಚೀಟಿ 2,000, ಊರಿಗೆ 2,500 ಹೋದ ಮೇಲೆ 17,500ರಲ್ಲಿ ಉಳಿಯುವುದು 4,000. ಅಕ್ಕಿ, ಗ್ಯಾಸು, ಪೆಟ್ರೋಲು ಅದರಲ್ಲೇ ಆಗಬೇಕು. ಕಾರ್ಡಿನಲ್ಲಿ 40,000 ಲಿಮಿಟ್ ಸಿಕ್ಕಿದ್ದರೂ ಅವನ ನಿಜವಾದ ಹಾಸಿಗೆ ಇಷ್ಟೇ.

ಕಾಲು ಹೊರಗೆ ಹೋದರೆ ಏನಾಗುತ್ತದೆಂದು ಅಂಕಿಯಲ್ಲೇ ನೋಡಬೇಕು. ಕಾರ್ಡಿನ ಬಡ್ಡಿ ಬಹಳ ಕಡೆ ತಿಂಗಳಿಗೆ ಶೇ. 3.5ರ ಆಸುಪಾಸು, ವರ್ಷಕ್ಕೆ 42. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. 40,000 ಪೂರ್ತಿ ಬಳಸಿ ‘ಮಿನಿಮಮ್’ ಎಂದು 2,000 ಕಟ್ಟಿದಿರಿ ಅನ್ನಿ. ಅದರಲ್ಲಿ ಬಡ್ಡಿಗೆ 1,400, ತೆರಿಗೆಗೆ 252 ಹೋಗಿ ಸಾಲಕ್ಕೆ ಜಮೆಯಾಗುವುದು 348 ರೂಪಾಯಿ. ಕಾರ್ಡನ್ನು ಮತ್ತೆ ಮುಟ್ಟದೆ ವರ್ಷಪೂರ್ತಿ ಹೀಗೇ ಕಟ್ಟಿದರೆ 24,000 ಕೊಟ್ಟಿರುತ್ತೀರಿ, ಸಾಲ ಇಳಿದಿರುವುದು ಸುಮಾರು 5,300. ನಡುವೆ ಮತ್ತೆ ಬಳಸಿದರೆ ಹಳೆಯ ಬಾಕಿ ಇರುವ ತನಕ ಬಡ್ಡಿಯಿಲ್ಲದ ದಿನಗಳೂ ಇಲ್ಲ, ಕೊಂಡ ದಿನದಿಂದಲೇ ಬಡ್ಡಿ. ಎಟಿಎಮ್ಮಿನಲ್ಲಿ ಕಾರ್ಡು ಹಾಕಿ ನಗದು ತೆಗೆದರಂತೂ ಬಾಕಿ ಇರಲಿ ಬಿಡಲಿ, ಅವತ್ತಿನಿಂದಲೇ ಬಡ್ಡಿ, ಮೇಲೆ ಶುಲ್ಕ.

ಇಷ್ಟು ಬಡ್ಡಿಗೆ ಕಾನೂನಿನ ತಡೆಯಿಲ್ಲವೇ ಎಂದರೆ, ತಮಿಳುನಾಡಿನಲ್ಲಿ 2003ರಿಂದ ಕಂದುವಡ್ಡಿ, ಅಂದರೆ ವಿಪರೀತ ಬಡ್ಡಿ, ತಡೆಯುವ ಕಾಯ್ದೆ ಇದೆ. ಕಂದುವಡ್ಡಿ, ಮೀಟರ್ ವಡ್ಡಿ, ತಂಡಲ್ ಎಂದು ಜನರ ಬಾಯಲ್ಲಿದ್ದ ಹೆಸರುಗಳೇ ಅದರಲ್ಲಿ ಇವೆ. ಬ್ಯಾಂಕಿನ ಕಾರ್ಡು ಆ ಕಾಯ್ದೆಯ ಕೆಳಗೆ ಬರುವುದಿಲ್ಲ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಸಲ್ಲದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಬಾಗಿಲಿಗೇ ಬಂದು ವಸೂಲಿ ಮಾಡುವ ತಂಡಲಿನವನ ಬಡ್ಡಿ ಕಾರ್ಡಿನದಕ್ಕಿಂತ ಎಷ್ಟೋ ಘೋರ, ಎರಡನ್ನೂ ಒಂದೇ ಎನ್ನಲಾರೆ. ಆದರೆ ತಂಡಲಿನವನನ್ನು ಕಂಡರೆ ಹೆದರುವ ಮನೆಯವರು ಕಾರ್ಡಿನ 42ಕ್ಕೆ ಹೆದರುವುದಿಲ್ಲ. ಬಾಗಿಲಿಗೆ ಯಾರೂ ಬರುವುದಿಲ್ಲವಲ್ಲ, ಮೊಬೈಲಿಗೆ ಮೆಸೇಜು ಬರುತ್ತದೆ.

ಹೀಗೆಂದು ಕಾರ್ಡೇ ಬೇಡ ಎಂದು ನಾನು ಹೇಳಲಾರೆ. ಮಗುವಿಗೆ ಜ್ವರ ಏರಿದ ರಾತ್ರಿ ಆಸ್ಪತ್ರೆಯ ಕೌಂಟರಿನಲ್ಲಿ ಐದು ಸಾವಿರ ಕಟ್ಟಲು ಯಾರ ಮನೆ ಬಾಗಿಲೂ ತಟ್ಟಬೇಕಾಗದಿರುವುದು ದೊಡ್ಡ ಮಾತು. ಬಿಲ್ಲು ಬಂದಾಗ ಪೂರ್ತಿ ಕಟ್ಟಿದರೆ ಅದಕ್ಕೆ ಬಡ್ಡಿಯೂ ಇಲ್ಲ. ಮೇಲಿನ ಲೆಕ್ಕದ ಮನೆಗೆ, ಬರುವ ಸಂಬಳದಲ್ಲಿ ಒಂದೇ ಏಟಿಗೆ ತೀರಿಸಬಲ್ಲದ್ದು ತಿಂಗಳಿಗೆ ಮೂರು ನಾಲ್ಕು ಸಾವಿರದ ಬಳಕೆ, ಅದೂ ದಿನಸಿ, ಪೆಟ್ರೋಲಿನಂಥ ಹೇಗೂ ಆಗಲೇಬೇಕಾದ ಖರ್ಚಿಗೆ. ಲಿಮಿಟ್ಟಿನ ಶೇ. 30 ದಾಟದೆ ಬಳಸಿದರೆ ಸಿಬಿಲ್ ಅಂಕಕ್ಕೂ ಒಳ್ಳೆಯದು ಎನ್ನುತ್ತಾರೆ. ಹಾಗಾಗಿ 20,000 ಲಿಮಿಟ್ ಬಂದರೂ ಈ ಮನೆಗೆ ಏನೂ ಕೊರತೆಯಿಲ್ಲ.

ವರ್ಷ ಕಳೆಯುವಷ್ಟರಲ್ಲಿ ‘ನಿಮ್ಮ ಲಿಮಿಟ್ ಒಂದು ಲಕ್ಷಕ್ಕೆ ಏರಿಸುತ್ತೇವೆ’ ಎಂಬ ಮೆಸೇಜು ಬರಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ನಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಲಿಮಿಟ್ ಏರಿಸುವಂತಿಲ್ಲ, ಕೇಳದೆ ಕಾರ್ಡು ಕಳಿಸುವಂತೆಯೂ ಇಲ್ಲ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಎಂದು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಮಗೇ ಕೊಡಬೇಕು. ಮೆಸೇಜಿಗೆ ಉತ್ತರ ಒತ್ತುವ ಮುನ್ನ ಸಂಬಳದ ಚೀಟಿಯನ್ನೂ ಚೀಟಿ ಕಟ್ಟುವ ಪುಸ್ತಕವನ್ನೂ ಹೆಂಡತಿಯ ಮುಂದಿಟ್ಟು ಇಬ್ಬರೂ ಕೂತು ಕೂಡಿ ಕಳೆಯಿರಿ. ಬೇಡವೆಂದು ತೋರಿದರೆ ಸುಮ್ಮನಿದ್ದರೂ ಸಾಕು, ಲಿಮಿಟ್ಟು ಇದ್ದಷ್ಟೇ ಇರುತ್ತದೆ.