ಮನೆಬಾಗಿಲ ಪಾಠ, ಅದರ ಋಣ



ಬಿ.ಎಸ್ಸಿ. ನರ್ಸಿಂಗ್ ಓದುವ ಮಕ್ಕಳು ಬ್ಯಾಗು ಹಿಡಿದು ಹಳ್ಳಿಯ ಮನೆಮನೆಗೆ ಬರುವುದುಂಟು. ಪೇಪರು ಹಾಸಿ ಬ್ಯಾಗು ಇಟ್ಟು, ಕೈ ತೊಳೆದು ರಕ್ತದೊತ್ತಡ ನೋಡುತ್ತಾರೆ. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಯದು, ದುಡಿಮೆ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1946ರಲ್ಲಿ ದೆಹಲಿ ಹಾಗೂ ವೆಲ್ಲೂರಿನಲ್ಲಿ ಆರಂಭವಾದ ಈ ಪದವಿಯಲ್ಲಿ ಇಂದು ಸಮುದಾಯ ಆರೋಗ್ಯ ಶುಶ್ರೂಷೆ ಕಡ್ಡಾಯ ವಿಷಯ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ಮನೆಯ ಕಷ್ಟ ಇನ್ನೊಬ್ಬರ ಪರೀಕ್ಷೆಯ ಅಂಕವಾಗುವುದು ಸರಿಯೇ? ವಿದ್ಯಾರ್ಥಿನಿ ಸೇವೆಗೆ ಬಂದಳು ಎನ್ನುತ್ತೇವೆ. ಆದರೆ ಕಲಿತವಳು ಅವಳು, ಕಲಿಸಿದ್ದು ಆ ಮನೆ. ಜಮಾ-ಖರ್ಚು ಬರೆಯುವ ನಮಗೆ ತೋರುವಂತೆ, ಈ ಖಾತೆಯಲ್ಲಿ ಸಾಲ ಕೊಟ್ಟವರು ಮನೆಯವರೇ.

ಮನೆಮನೆಯ ಶುಶ್ರೂಷೆಯ ಮೊದಲ ದಿನಗಳನ್ನು ನೆನೆಯೋಣ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾಥ್‌ಬೋನ್, ತೀರಿಕೊಂಡ ಪತ್ನಿಯ ಆರೈಕೆ ಮಾಡಿದ್ದ ದಾದಿ ಮೇರಿ ರಾಬಿನ್ಸನ್ ಅವರನ್ನು ಮೂರು ತಿಂಗಳಿಗೆಂದು ಬಡವರ ಮನೆಗಳಿಗೆ ಕಳುಹಿಸಿದರು. ಒಂದೇ ತಿಂಗಳಿಗೆ ಆಕೆ ಆ ದುಃಖ ನೋಡಲಾರೆನೆಂದು ಬಿಡುಗಡೆ ಕೇಳಿದರು. ಆದರೂ ಉಳಿದರು. ಅವಧಿ ಮುಗಿದಾಗ ಇದೇ ಕೆಲಸ ಸಾಕೆಂದರು. ಮತ್ತೆ ಮತ್ತೆ ಬಂದವರಿಗೆ ಮಾತ್ರ ಮನೆ ತನ್ನ ಪಾಠ ಹೇಳುತ್ತದೆ.

ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಡಕುಂಟು. ಅಕ್ಕಲಕೋಟೆ, ಜತ್ತ ಕಡೆಯ ಅಜ್ಜಿಗೆ ಕನ್ನಡವೇ ಬಾಯಿಮಾತು. ಉಪ್ಪು ಕಡಿಮೆ ಮಾಡಿರೆಂದು ಮರಾಠಿಯಲ್ಲಿ ಹೇಳಿದರೆ "ಹೂಂ" ಎನ್ನುತ್ತಾಳೆ. ರೊಟ್ಟಿಯ ಪಕ್ಕದ ಉಪ್ಪಿನಕಾಯಿ ಹಾಗೆಯೇ ಇರುತ್ತದೆ. ವಹಿಯಲ್ಲಿ ಮಾತ್ರ 'ತಿಳಿವಳಿಕೆ ನೀಡಲಾಯಿತು' ಎಂದು ಬರೆದಾಗಿರುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹಾಗಾದರೆ ಋಣ ತೀರುವುದು ಹೇಗೆ? ಕೇಳಿ ಒಳಗೆ ಬರಬೇಕು. ಒಲ್ಲೆವೆಂದರೆ ಬೇಸರಿಸದೆ ಹಿಂತಿರುಗಬೇಕು. ಮನೆಯ ಗುಟ್ಟನ್ನು ಹೊರಗೆ ಆಡಬಾರದು. ಒತ್ತಡ ಎಷ್ಟೆಂದು ಮನೆಯವರಿಗೂ ಬರೆದುಕೊಟ್ಟು, ಹೆಚ್ಚಿದ್ದರೆ ಆರೋಗ್ಯ ಕೇಂದ್ರದ ದಾರಿ ತೋರಿಸಿ, ಮುಂದೆ ಬಂದು ವಿಚಾರಿಸಬೇಕು. ಈ ತಂಡ ಹೋದ ಮೇಲೆ ಆ ಮನೆಯನ್ನು ಮುಂದಿನ ತಂಡಕ್ಕೆ ಒಪ್ಪಿಸುವುದು ಕಾಲೇಜಿನ ಹೊಣೆ.

ನಮ್ಮ ಕಡೆಯ ಬಾಕಿಯೂ ಇದೆ. ಬಾಗಿಲು ತೆರೆಯೋಣ, ನಿಜ ಹೇಳೋಣ, ತಿಳಿಯದಿದ್ದರೆ "ಹೂಂ" ಎನ್ನದೆ ಮತ್ತೊಮ್ಮೆ ಕೇಳೋಣ. ಎರಡೂ ಭಾಷೆ ಬಲ್ಲ ಮೊಮ್ಮಗಳು ಅಜ್ಜಿಯ ಪಕ್ಕ ಕುಳಿತುಕೊಳ್ಳಲಿ. ನಾಳೆ ಯಾವುದೋ ಆಸ್ಪತ್ರೆಯಲ್ಲಿ ನಮ್ಮವರ ಹಾಸಿಗೆಯ ಬಳಿ ನಿಲ್ಲುವವಳು, ಇಂದು ನಮ್ಮ ಪಡಸಾಲೆಯಲ್ಲಿ ಕುಳಿತು ಕಲಿತವಳೇ ಆಗಿರಬಹುದು.