ಸೂತಕವಿಲ್ಲದ ಮನೆಯ ಶೋಕ

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು 12ನೆಯ ಶತಮಾನದ ಶರಣರು ಅಲ್ಲಗಳೆದರೆಂಬುದು ಲಿಂಗವಂತರ ಮನೆಯ ಮಕ್ಕಳಿಗೂ ತಿಳಿದ ಸಂಗತಿಯಷ್ಟೆ. ಇವುಗಳಲ್ಲಿ ಮೊದಲ ಮೂರು ಸ್ತ್ರೀಯ ಬಾಳಿನ ತಿರುವುಗಳನ್ನೇ ಮುಟ್ಟುವುವೆಂಬುದನ್ನು ಗಮನಿಸಿದವರು ವಿರಳ. ಮೈನೆರೆದಾಗ, ಹೆತ್ತಾಗ, ಪತಿಯನ್ನು ಕಳೆದುಕೊಂಡಾಗ ಹೆಣ್ಣನ್ನು ಮೂಲೆಗೆ ಸರಿಸುವ ಲೋಕವನ್ನು ಕುರಿತು, ಅಂಗದ ಮೇಲೆ ಲಿಂಗವುಳ್ಳವಳಿಗೆ ಮೈಲಿಗೆ ಎಲ್ಲಿಯದೆಂದು ಅವರು ಕೇಳಿದರು. ಆದರೆ ಮೈಲಿಗೆಯಿಲ್ಲವೆಂದ ಮಾತ್ರಕ್ಕೆ ದುಃಖವೂ ಇಲ್ಲವೆಂದಾಗುವುದೇ?

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಗುಳೆ ಹೋಗುವ ಕುಟುಂಬಗಳು ಬಹಳ. ಮದುವೆಯಾದ ವರುಷದಲ್ಲಿಯೇ ಗಂಡನು ಬೆಂಗಳೂರಿಗೋ ಮುಂಬಯಿಗೋ ಕೂಲಿಗೆ ಹೊರಟರೆ, ಹೊಸ ಸೊಸೆಯು ತವರನ್ನು ಬಿಟ್ಟು, ಬಂದ ಮನೆಯಲ್ಲಿಯೂ ಒಬ್ಬಳೇ ಆಗುವಳು. ಕೂಸು ಹುಟ್ಟಿದರೆ ಬಂದವರೆಲ್ಲ ಕೂಸಿನ ಮುಖ ನೋಡುವರು. ಬಾಣಂತಿಯ ಮುಖವನ್ನು ನೋಡುವವರು ಕಡಿಮೆ. ಗಂಡ ಲಿಂಗೈಕ್ಯನಾದರೆ ಶಿವಗಣಾರಾಧನೆಯ ದಿನದವರೆಗೆ ಮನೆ ತುಂಬ ನೆಂಟರು. ಮರುದಿನದಿಂದ ಹೊಲದ ಪಾಲು, ಸಾಲದ ಲೆಕ್ಕ, ಮಕ್ಕಳ ಹೊಟ್ಟೆಯ ಚಿಂತೆಗಳೊಡನೆ ಅವಳೊಬ್ಬಳೇ.

ಶಿವಪೂಜೆ ಮಾಡುವವಳು ಅಳುವುದೇಕೆ, ನಿಷ್ಠೆಯಿದ್ದರೆ ಮನಸ್ಸು ಕುಸಿಯುವುದೇ ಎಂದು ಹಿರಿಯರು ಕೇಳುವುದುಂಟು. ಒಳ್ಳೆಯ ಭಾವದಿಂದಲೇ ಕೇಳುವರು. ಆದರೆ ಅಂಥ ಪ್ರಶ್ನೆಯು ದುಃಖದ ಮೇಲೆ ಅಪರಾಧದ ಭಾರವನ್ನೂ ಹೇರುತ್ತದೆ. ನೀಲಾಂಬಿಕೆಯ ವಚನಗಳನ್ನು ಓದಿದವರು ಹೀಗೆ ಕೇಳಲಾರರು. ಕಲ್ಯಾಣದಿಂದ ಕೂಡಲಸಂಗಮಕ್ಕೆ ಹೊರಟ ಆ ತಾಯಿಗೆ ಕೃಷ್ಣಾತೀರದ ತಂಗಡಗಿಯಲ್ಲಿ ಬಸವಣ್ಣನು ಐಕ್ಯನಾದ ಸುದ್ದಿ ತಿಳಿಯಿತೆಂದು ಪರಂಪರೆ ಹೇಳುತ್ತದೆ. ‘ಸಂಗಯ್ಯ’ ಎಂಬ ಅಂಕಿತದ ಅವಳ ವಚನಗಳಲ್ಲಿ ಬಸವನಿಲ್ಲದ ಬಯಲು ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಅನುಭಾವವಿದೆ ನಿಜ; ಅಗಲಿಕೆಯ ನೋವೂ ಇದೆ. ಅದನ್ನು ಭಕ್ತಿಯ ಕೊರತೆಯೆಂದು ಯಾರೂ ಅಳಿಸಿಹಾಕಲಿಲ್ಲ, ವಚನವೆಂದೇ ಕಾಪಾಡಿದರು. ಆ ತಂಗಡಗಿಯನ್ನು ಮುಟ್ಟಿದ ಕೃಷ್ಣೆಯೇ ನಾರಾಯಣಪುರವನ್ನು ದಾಟಿ ಸುರಪುರ, ಶಹಾಪುರಗಳ ಸೀಮೆಗೆ ಹರಿದು ಬರುತ್ತಾಳೆ.

ಅನುಭವ ಮಂಟಪವು ಆಪ್ತಸಲಹೆಯ ಕೇಂದ್ರವಾಗಿತ್ತೆಂದು ಹೇಳುವುದು ಅತಿರೇಕವಾದೀತು. ಆದರೂ ತನ್ನ ಒಳಗನ್ನು ಮತ್ತೊಬ್ಬರೆದುರು ನುಡಿಯುವುದು ಹೆಣ್ಣಿಗೆ ನಾಚಿಕೆಗೇಡಲ್ಲವೆಂಬುದನ್ನು ಅಲ್ಲಿಯ ಶರಣೆಯರು ತೋರಿಸಿಕೊಟ್ಟರು.

ಇಂದಿನ ವೈದ್ಯಶಾಸ್ತ್ರವೂ ಅಂಥ ಮಾತಿಗೆ ಎಡೆಮಾಡಿಕೊಡುತ್ತದೆ. ಆಪ್ತಸಲಹೆಗಾರರು ತೀರ್ಪು ಕೊಡುವುದಿಲ್ಲ. ನಿದ್ರೆ, ಊಟ, ಭಯ, ಆಸರೆಗಳನ್ನು ಕೇಳಿ, ಹೇಳಲಾಗದ್ದನ್ನು ಹೇಳಿಸುತ್ತಾರೆ. ಅಗತ್ಯವಿದ್ದರೆ ವೈದ್ಯರು ಔಷಧ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಮಾನಸಿಕ ವ್ಯಾಧಿ, ಮುಖ್ಯವಾಗಿ ಖಿನ್ನತೆ, ಕಾಣಿಸಿಕೊಳ್ಳುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದೆ, ಕೂಸಿನ ಮೇಲೆ ಮನಸ್ಸಿಲ್ಲದೆ, ಸಾಯುವ ಮಾತು ಬಂದರೆ ಅದನ್ನು ಗಾಳಿ ಸೋಕಿತೆಂದು ಬಗೆದು ಕಾಲ ಕಳೆಯುವುದು ತಾಯಿಮಕ್ಕಳಿಬ್ಬರಿಗೂ ಅಪಾಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಈ ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ ಮನಸ್’ ದೂರವಾಣಿ 14416ಕ್ಕೆ ಕರೆಮಾಡಿದರೆ ಹಗಲಿರುಳೂ ಕನ್ನಡದಲ್ಲಿ, ಹಣವಿಲ್ಲದೆ ಮಾತನಾಡಬಹುದು.

ಆದರೆ ಮನೆಯಲ್ಲಿರುವ ಒಂದೇ ಫೋನು ಗಂಡನ ಕಿಸೆಯಲ್ಲಿದ್ದರೆ ಆ ಸಂಖ್ಯೆಯಿಂದ ಅವಳಿಗೇನು? ಜ್ವರಕ್ಕೆ ದವಾಖಾನೆ ಮರ್ಯಾದೆ, ಮನಸ್ಸಿಗೆ ದವಾಖಾನೆ ಅಪಕೀರ್ತಿ ಎಂಬ ಭೇದವನ್ನು ಮನೆಯವರೇ ಕಟ್ಟಿದ್ದಾರೆ. ದಾಸೋಹವೆಂದರೆ ಅನ್ನವಿಡುವುದಷ್ಟೇ ಎಂದು ತಿಳಿದವರಿಗೆ, ಮೂರು ತಿಂಗಳಾದ ಮೇಲೆ ಆ ವಿಧವೆಯ ಪಡಸಾಲೆಯಲ್ಲಿ ಹೋಗಿ ಒಂದು ತಾಸು ಸುಮ್ಮನೆ ಕುಳಿತುಕೊಳ್ಳುವುದು ಕಷ್ಟವೆನಿಸುತ್ತದೆ. ಅತ್ತೆಯು ಸೊಸೆಯ ಬಾಣಂತನದಲ್ಲಿ ತನ್ನ ಬಾಣಂತನದ ಇರುಳುಗಳನ್ನು ನೆನೆಯಬೇಕಾಗುತ್ತದೆ. ಗಂಡನು ಒಂದು ದಿನದ ಕೂಲಿ ಬಿಟ್ಟು ಅವಳೊಡನೆ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಬಸ್ಸು ಹತ್ತಬೇಕಾಗುತ್ತದೆ. ಅಲ್ಲಿ ಅವಳ ಪರವಾಗಿ ತಾನೇ ಉತ್ತರ ಹೇಳದೆ, ಅವಳು ಮಾತು ಮುಗಿಸಿ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕಾದಿರಬೇಕಾಗುತ್ತದೆ.